ಪುಟ, ಪರದೆ, ಮನೆ: ರಾಮನಗರ ಸೀಮೆಯಲ್ಲಿ ಮಕ್ಕಳ ಓದು ಮತ್ತು ಮನರಂಜನೆಯ ಚರಿತ್ರೆ

ಕನ್ನಡ ಮಕ್ಕಳ ಸಾಹಿತ್ಯದ ಚರಿತ್ರೆಯನ್ನು ಬಹುಮಟ್ಟಿಗೆ ಕವಿ, ಕಥೆಗಾರ ಹಾಗೂ ಕೃತಿಗಳ ಚರಿತ್ರೆಯಾಗಿಯೇ ಬರೆಯುತ್ತ ಬರಲಾಗಿದೆ. ಪಂಜೆ ಮಂಗೇಶರಾಯರಿಂದ ಇಂದಿನವರೆಗಿನ ಲೇಖಕರ ಸಾಧನೆಯನ್ನು ಗುರುತಿಸುವಲ್ಲಿ ಈ ಕ್ರಮ ಉಪಯುಕ್ತವಾಗಿದೆ. ಆದರೆ ಬರೆದದ್ದು ಯಾವ ಮನೆಗೆ ತಲುಪಿತು, ಯಾವ ದಾರಿಯಿಂದ ತಲುಪಿತು, ತಲುಪದೆ ಹೋದುದಕ್ಕೆ ಕಾರಣಗಳೇನು ಎಂಬ ಪ್ರಶ್ನೆಗಳು ಈ ಕ್ರಮದಲ್ಲಿ ಹಿಂದೆ ಸರಿಯುತ್ತವೆ. ಮಗು ತಾನೇ ಪುಸ್ತಕ ಕೊಳ್ಳುವುದಿಲ್ಲ; ಸಿನಿಮಾ ಟಿಕೆಟ್ಟಿಗೂ ಅದರ ಕೈಯಲ್ಲಿ ಹಣವಿರುವುದಿಲ್ಲ. ಅದರ ಪರವಾಗಿ ಹುಡುಕುವವರು, ಆಯುವವರು, ಖರ್ಚು ಮಾಡುವವರು ಮನೆಯ ಹಿರಿಯರು. ಆದ್ದರಿಂದ ಮಕ್ಕಳ ಓದಿನ ಚರಿತ್ರೆ ಒಂದರ್ಥದಲ್ಲಿ ಕುಟುಂಬದ ಚರಿತ್ರೆ. ಇನ್ನೊಂದರ್ಥದಲ್ಲಿ ರಸ್ತೆ, ಮಾರುಕಟ್ಟೆ ಹಾಗೂ ಸಾರ್ವಜನಿಕ ಸಂಸ್ಥೆಗಳ ಚರಿತ್ರೆ.

ಪ್ರಸ್ತುತ ಲೇಖನದಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸಲಾಗಿದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದ ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ರಾಮನಗರ ಜಿಲ್ಲೆಯಾಗಿ ಬೇರ್ಪಟ್ಟವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲಾಯಿತು. ಆಡಳಿತದ ಹೆಸರುಗಳು ಬದಲಾದರೂ ಸೀಮೆಯ ಒಂದು ಸ್ಥಿತಿ ಬದಲಾಗಿಲ್ಲ. ನಾಲ್ಕೂ ಪಟ್ಟಣಗಳು ಬೆಂಗಳೂರಿನಿಂದ ಸುಮಾರು 50–60 ಕಿಲೋಮೀಟರ್ ಅಂತರದಲ್ಲಿವೆ. ಕನ್ನಡದ ಪ್ರಕಾಶನ, ಚಲನಚಿತ್ರ, ಆಕಾಶವಾಣಿ, ದೂರದರ್ಶನಗಳೆಲ್ಲ ನೆಲೆಗೊಂಡ ನಗರಕ್ಕೆ ಇಷ್ಟು ಹತ್ತಿರವಿದ್ದೂ ಮಕ್ಕಳ ಪುಸ್ತಕಕ್ಕಾಗಿ ಇಲ್ಲಿನ ಕುಟುಂಬಗಳು ಹುಡುಕಾಡಬೇಕಾದುದು ಏಕೆ ಎಂಬುದೇ ಈ ಅಧ್ಯಯನದ ಮುಖ್ಯ ಜಿಜ್ಞಾಸೆ.

ದಾರಿಗಳ ಭೂಗೋಳ

ಬೆಂಗಳೂರು–ಮೈಸೂರು ರೈಲುಮಾರ್ಗವು 1880ರ ದಶಕದ ಆರಂಭದಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ಅಂದು ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ರಾಮನಗರ ಹಾಗೂ ಚನ್ನಪಟ್ಟಣಗಳು ಈ ಮಾರ್ಗದಲ್ಲಿದ್ದವು. ಕಾನಕಾನಹಳ್ಳಿ ಎಂಬ ಹಳೆಯ ಹೆಸರಿನ ಕನಕಪುರ ಹಾಗೂ ಕೆಂಪೇಗೌಡರ ವಂಶದ ಆಳ್ವಿಕೆಯ ನೆನಪುಳ್ಳ ಮಾಗಡಿ ರೈಲಿನಿಂದ ದೂರ ಉಳಿದವು. ಇಂದಿಗೂ ಇವೆರಡು ಪಟ್ಟಣಗಳಿಗೆ ರೈಲು ಬಂದಿಲ್ಲ. ಒಂದೇ ಸೀಮೆಯ ನಾಲ್ಕು ತಾಲ್ಲೂಕು ಕೇಂದ್ರಗಳು ಹೀಗೆ ಎರಡು ಜೋಡಿಗಳಾದವು: ಬೆಂಗಳೂರು–ಮೈಸೂರು ಹೆದ್ದಾರಿ ಮತ್ತು ರೈಲು ಎರಡೂ ಇದ್ದ ಊರುಗಳು ಒಂದೆಡೆ, ಬಸ್ಸನ್ನೇ ನಂಬಿದ ಊರುಗಳು ಇನ್ನೊಂದೆಡೆ.

ಮುದ್ರಿತ ವಸ್ತುಗಳ ಪ್ರಸಾರದಲ್ಲಿ ಈ ಭೇದ ಸಣ್ಣದಲ್ಲ. ಪತ್ರಿಕೆಗಳು ಪಟ್ಟಣದ ಏಜೆಂಟರ ಮೂಲಕ ಹಂಚಿಕೆಯಾಗುವ ವ್ಯವಸ್ಥೆಯಲ್ಲಿ ದಿನಪತ್ರಿಕೆಯ ಕಟ್ಟಿನೊಂದಿಗೇ ವಾರಪತ್ರಿಕೆ, ಮಾಸಿಕಗಳ ಕಟ್ಟೂ ಬರುತ್ತಿತ್ತು. ಪಟ್ಟಣದಿಂದಾಚೆಗೆ ಬಸ್ಸು ನಿಲ್ಲುವ ದೊಡ್ಡ ಊರು, ಅದರಾಚೆಗೆ ಅಂಚೆ, ಅಂಚೆಯೂ ತಡವಾಗುವ ಹಳ್ಳಿ ಎಂಬ ಶ್ರೇಣಿ ಇದರಿಂದ ಸಹಜವಾಗಿ ಏರ್ಪಟ್ಟಿತು. ಅರ್ಕಾವತಿಯ ದಂಡೆಯ ಬಯಲಿನಿಂದ ಹಿಡಿದು ಕಾವೇರಿ ಕಣಿವೆಯ ಕಾಡಂಚಿನವರೆಗೆ ಹಬ್ಬಿದ ಕನಕಪುರ ತಾಲ್ಲೂಕಿನಲ್ಲಿ ಈ ಶ್ರೇಣಿಯ ಕೊನೆಯ ಮೆಟ್ಟಿಲು ಬಹಳ ದೂರದಲ್ಲಿತ್ತು. ಬೆಂಗಳೂರಿನ ಸಾಮೀಪ್ಯವೂ ಇಲ್ಲಿ ಪ್ರತಿಕೂಲವಾಗಿಯೇ ಕೆಲಸ ಮಾಡಿದೆ. ಪುಸ್ತಕ ಬೇಕಾದವರು ಹೇಗೂ ಬೆಂಗಳೂರಿಗೆ ಹೋಗುತ್ತಾರೆ ಎಂಬ ಎಣಿಕೆಯಿದ್ದ ಕಡೆ ಪಠ್ಯಪುಸ್ತಕ, ನೋಟುಪುಸ್ತಕಗಳಾಚೆಗಿನ ಅಂಗಡಿ ಬೆಳೆಯುವುದು ಕಷ್ಟ.

2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಸುಮಾರು ಶೇ. 75 ಇದ್ದಾಗ ಈ ಜಿಲ್ಲೆಯದು ಸುಮಾರು ಶೇ. 69 ಇತ್ತು. ರಾಜಧಾನಿಗೆ ಅಂಟಿಕೊಂಡ ಜಿಲ್ಲೆಯೊಂದು ರಾಜ್ಯದ ಸರಾಸರಿಗಿಂತ ಕೆಳಗಿತ್ತೆಂಬುದು ಗಮನಾರ್ಹ. ಇಂತಹ ಸೀಮೆಯಲ್ಲಿ ಅನೇಕ ಮನೆಗಳಲ್ಲಿ ಮಗುವೇ ಮೊದಲ ಓದುಗ. ಮಗುವಿಗೆ ಪುಸ್ತಕ ಆಯ್ದು ಕೊಡಬೇಕಾದ ಹಿರಿಯರಿಗೆ ಓದು ಬಾರದಿದ್ದಾಗ ಆಯ್ಕೆಯ ಹೊಣೆ ಶಾಲೆಯ ಮೇಲೆ ಅಥವಾ ಗ್ರಂಥಾಲಯದ ಮೇಲೆ ಬೀಳುತ್ತದೆ.

ಜಾತ್ರೆ, ಗೊಂಬೆ, ಕಥೆ

ಅಚ್ಚಿನ ಪುಸ್ತಕಕ್ಕೆ ಮೊದಲು ಮಕ್ಕಳ ಮನರಂಜನೆ ಮಕ್ಕಳಿಗಾಗಿಯೇ ಬೇರ್ಪಟ್ಟಿರಲಿಲ್ಲ. ಅಜ್ಜಿಯ ಕಥೆ, ಒಗಟು, ಸೋಬಾನೆ, ಕೋಲಾಟ, ಬಯಲಾಟ, ತೊಗಲುಗೊಂಬೆಯಾಟ ಇವೆಲ್ಲ ಊರಿಗೆ ಸೇರಿದವು. ಮಗು ಅಲ್ಲಿ ದೊಡ್ಡವರ ಮಗ್ಗುಲಲ್ಲಿ ಕುಳಿತ ಪ್ರೇಕ್ಷಕ. ಹಿಂದೆ ದೀಪ, ಮುಂದೆ ಬಿಳಿಯ ಪರದೆ, ನಡುವೆ ಆಡುವ ಚರ್ಮದ ಗೊಂಬೆ ಎಂಬ ತೊಗಲುಗೊಂಬೆಯ ರಚನೆಯನ್ನು ಗಮನಿಸಿದರೆ, ಪರದೆಯ ಮೇಲೆ ಕಥೆ ನೋಡುವ ಅಭ್ಯಾಸ ಈ ನಾಡಿಗೆ ಸಿನಿಮಾದೊಂದಿಗೆ ಬಂದದ್ದಲ್ಲ ಎಂಬುದು ಸ್ಪಷ್ಟವಾಗುತ್ತದೆ. ಎಚ್.ಎಲ್. ನಾಗೇಗೌಡರು 1979ರಲ್ಲಿ ಸ್ಥಾಪಿಸಿದ ಕರ್ನಾಟಕ ಜಾನಪದ ಪರಿಷತ್ತಿನ ಆಶ್ರಯದಲ್ಲಿ ರಾಮನಗರದ ಬಳಿ ಮೈಸೂರು ರಸ್ತೆಯ ಬದಿಗೆ ರೂಪುಗೊಂಡು 1994ರಲ್ಲಿ ಉದ್ಘಾಟನೆಗೊಂಡ ಜಾನಪದ ಲೋಕವು ಇಂತಹ ಗೊಂಬೆಗಳನ್ನೂ ವಾದ್ಯ, ವೇಷಭೂಷಣಗಳನ್ನೂ ಸಂಗ್ರಹಿಸಿ ಕಾಪಾಡಿದೆ. ಊರಿನ ಬಯಲಿನಲ್ಲಿ ಆಡುತ್ತಿದ್ದುದನ್ನು ಮುಂದಿನ ತಲೆಮಾರಿನ ಮಕ್ಕಳು ಶಾಲಾ ಪ್ರವಾಸದಲ್ಲಿ ಬಂದು ನೋಡುವಂತಾದದ್ದು ಕಾಲದ ಪಲ್ಲಟಕ್ಕೆ ಸಾಕ್ಷಿಯಾಗಿದೆ.

ಚನ್ನಪಟ್ಟಣದ ಗೊಂಬೆಗಳನ್ನು ಈ ಸಂದರ್ಭದಲ್ಲಿಯೇ ಪರಿಶೀಲಿಸಬೇಕು. ಹಾಲೆಮರದ ತುಂಡನ್ನು ಲೇತಿನ ಮೇಲೆ ಕಡೆದು, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ ಹಿಡಿದು ಆ ಕಾವಿನಲ್ಲಿಯೇ ಅದನ್ನು ಮರಕ್ಕೆ ಹತ್ತಿಸಿ, ಗರಿಯಿಂದ ಉಜ್ಜಿ ಹೊಳಪು ಕೊಡುವ ಈ ಕಸುಬನ್ನು ಪರಂಪರೆಯ ಹೇಳಿಕೆಗಳು ಟಿಪ್ಪುಸುಲ್ತಾನನ ಕಾಲದ ಪರ್ಷಿಯನ್ ಕುಶಲಕರ್ಮಿಗಳೊಂದಿಗೆ ಜೋಡಿಸುತ್ತವೆ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಬಾವಾಸ್ ಮಿಯಾ ಅವರು ಜಪಾನಿನ ತಂತ್ರವನ್ನು ಅಳವಡಿಸಿ ಕಸುಬಿಗೆ ಹೊಸ ರೂಪ ಕೊಟ್ಟರೆಂದು ಸ್ಮರಿಸಲಾಗುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಗೊಂಬೆಗಳು ದೇಶವಿದೇಶಗಳ ಮಕ್ಕಳ ಕೈಸೇರಿವೆ. ಹೆದ್ದಾರಿಯ ಬದಿಯ ಗೊಂಬೆ ಅಂಗಡಿಗಳು ಪ್ರಯಾಣಿಕ ಕುಟುಂಬಗಳನ್ನೇ ನೆಚ್ಚಿಕೊಂಡಿದ್ದವು. 2023ರಲ್ಲಿ ಬೆಂಗಳೂರು–ಮೈಸೂರು ದಶಪಥ ರಸ್ತೆ ಉದ್ಘಾಟನೆಗೊಂಡು ಪಟ್ಟಣಗಳನ್ನು ಬಳಸಿ ಹೋದಾಗ ಆ ಗಿರಾಕಿಗಳು ದೂರವಾದರು. ಮಕ್ಕಳ ವಸ್ತು ಮಾರುವವರ ಬದುಕು ದಾರಿಯನ್ನು ಅವಲಂಬಿಸಿದೆ ಎಂಬುದಕ್ಕೆ ಇದೊಂದು ಇತ್ತೀಚಿನ ನಿದರ್ಶನ.

ಇದೇ ಸೀಮೆಯ ಇನ್ನೊಂದು ದೊಡ್ಡ ಉದ್ಯಮ ರೇಷ್ಮೆ. ರಾಮನಗರದ ಗೂಡಿನ ಮಾರುಕಟ್ಟೆ ದೇಶದ ಅತಿ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ ಒಂದು. ನೂಲು ಬಿಚ್ಚಾಣಿಕೆಯ ಘಟಕಗಳಲ್ಲಿ ಮಕ್ಕಳ ದುಡಿಮೆ ದೀರ್ಘಕಾಲ ನಡೆದುಬಂದಿತ್ತು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಪ್ರಕಟಿಸಿದ ವರದಿಯು ಕರ್ನಾಟಕವೂ ಸೇರಿದಂತೆ ದೇಶದ ರೇಷ್ಮೆ ಉದ್ಯಮದಲ್ಲಿ ಸಾಲಕ್ಕೆ ಸಿಕ್ಕಿ ದುಡಿಯುತ್ತಿದ್ದ ಮಕ್ಕಳ ಸ್ಥಿತಿಯನ್ನು ದಾಖಲಿಸಿದೆ. ಕುದಿನೀರಿನ ಬೋಗುಣಿಯ ಮುಂದೆ ದಿನ ಕಳೆಯುವ ಮಗುವಿಗೆ ಪುಸ್ತಕ ಸಿಗುತ್ತದೆಯೇ ಎಂಬುದಕ್ಕಿಂತ ಓದುವ ಹೊತ್ತು ಸಿಗುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಮಕ್ಕಳ ಓದಿನ ಚರಿತ್ರೆಯನ್ನು ಬರೆಯುವಾಗ ಬಿಡುವು ಎಂಬುದನ್ನೂ ಪುಸ್ತಕದಷ್ಟೇ ಮುಖ್ಯವಾದ ಸಾಮಗ್ರಿಯೆಂದು ಎಣಿಸಬೇಕಾಗುತ್ತದೆ.

ಅಚ್ಚಿನ ಪುಟಗಳು

ಮಕ್ಕಳಿಗಾಗಿ ಬರೆದ ಕನ್ನಡ ಕವಿಗಳಲ್ಲಿ ಅಗ್ರಗಣ್ಯರಾದ ಜಿ.ಪಿ. ರಾಜರತ್ನಂ ಹುಟ್ಟಿದ್ದು ರಾಮನಗರದಲ್ಲಿ. ‘ರತ್ನನ ಪದಗಳು’ ಕೃತಿಯಿಂದ ಪ್ರಸಿದ್ಧರಾದ ಅವರು ತಂದೆಯವರು ನಡೆಸುತ್ತಿದ್ದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವಾಗ, ಲಭ್ಯವಿದ್ದ ಪದ್ಯಗಳು ಮಕ್ಕಳ ನಾಲಿಗೆಗೆ ಒಗ್ಗದಿದ್ದುದನ್ನು ಕಂಡು ತಾವೇ ಬರೆಯತೊಡಗಿದರೆಂದು ತಿಳಿದುಬರುತ್ತದೆ. ‘ತುತ್ತೂರಿ’ಯಂತಹ ಸಂಕಲನಗಳ ಪದ್ಯಗಳು ಹಲವು ತಲೆಮಾರುಗಳ ಕಾಲ ಕನ್ನಡ ಮನೆಗಳಲ್ಲಿ ಬಾಯಿಂದ ಬಾಯಿಗೆ ಸಾಗಿವೆ. ಜಾತ್ರೆಯಲ್ಲಿ ಕೊಳ್ಳುವ ತಗಡಿನ ಆಟಿಕೆ, ಮನೆಯ ನಾಯಿಮರಿ ಮುಂತಾದ ಕೈಗೆಟುಕುವ ವಸ್ತುಗಳೇ ಅಲ್ಲಿ ಕಾವ್ಯದ ವಿಷಯ. ಪುಸ್ತಕವನ್ನೇ ಕಾಣದ ಮಗುವಿಗೂ ಈ ಪದ್ಯಗಳು ಕಂಠಸ್ಥವಾಗಿದ್ದವು. ಬರೆವಣಿಗೆಯೊಂದು ಅಚ್ಚಿನ ಮಿತಿಯನ್ನು ದಾಟಿ ಮೌಖಿಕ ಪರಂಪರೆಯೊಳಗೆ ಸೇರಿದ್ದರಿಂದ ಹಂಚಿಕೆಯ ಸಮಸ್ಯೆ ತಾನಾಗಿ ಪರಿಹಾರವಾದ ಅಪೂರ್ವ ಪ್ರಸಂಗವಿದು. 1978ರಲ್ಲಿ ದೆಹಲಿಯಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ರಾಜರತ್ನಂ ಅಧ್ಯಕ್ಷರಾದರು.

ಪದ್ಯಕ್ಕೆ ದೊರೆತ ಈ ಅನುಕೂಲ ಗದ್ಯಕ್ಕೆ, ಅದರಲ್ಲೂ ಸಚಿತ್ರ ಗ್ರಂಥಗಳಿಗೆ ಇರಲಿಲ್ಲ. ಶಿವರಾಮ ಕಾರಂತರ ಮೂರು ಸಂಪುಟಗಳ ‘ಬಾಲ ಪ್ರಪಂಚ’ (1936), ನಿರಂಜನರ ಪ್ರಧಾನ ಸಂಪಾದಕತ್ವದಲ್ಲಿ 1970ರ ದಶಕದಲ್ಲಿ ಹೊರಬಂದ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಕಿರಿಯರ ವಿಶ್ವಕೋಶ ಇವು ಕನ್ನಡದ ಹೆಮ್ಮೆಯ ಸಾಹಸಗಳು. ಆದರೆ ಸಂಪುಟಗಳ ಬೆಲೆ ಸಾಮಾನ್ಯ ಕುಟುಂಬದ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಅವುಗಳ ಸಹಜ ನೆಲೆ ಶಾಲೆಯ ಬೀರು. ಬೀರುವಿನ ಬೀಗ ತೆರೆಯುವ ಅಧ್ಯಾಪಕರಿದ್ದರೆ ಮಾತ್ರ ಮಕ್ಕಳಿಗೆ ಅವು ದಕ್ಕುತ್ತಿದ್ದವು. ಅಗ್ಗದ ಬೆಲೆಯ ಕಿರುಪುಸ್ತಕದ ಮಾದರಿಯನ್ನು ಯಶಸ್ವಿಯಾಗಿ ಸಾಧಿಸಿದ್ದು ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ಪರಿಷತ್ತು ಪ್ರಕಟಿಸಿದ ‘ಭಾರತ ಭಾರತಿ’ ಮಾಲೆ. ಜೇಬಿನಲ್ಲಿ ಹಿಡಿಯುವ ಗಾತ್ರದ 500ಕ್ಕೂ ಹೆಚ್ಚು ಜೀವನಚಿತ್ರಗಳು ಈ ಮಾಲೆಯಲ್ಲಿ ಬಂದವು. ರಷ್ಯದಲ್ಲಿ ಅಚ್ಚಾದ ಬಣ್ಣದ ಮಕ್ಕಳ ಪುಸ್ತಕಗಳು ನವಕರ್ನಾಟಕ ಪ್ರಕಾಶನದ ಮಳಿಗೆಗಳ ಮೂಲಕ ಅಗ್ಗವಾಗಿ ದೊರೆಯುತ್ತಿದ್ದುದೂ ಇದೇ ಅವಧಿಯಲ್ಲಿ.

ಕುಟುಂಬದ ಓದಾಗಿ ನೆಲೆನಿಂತದ್ದು ಮಾಸಿಕಗಳು. 1947ರಲ್ಲಿ ಮದರಾಸಿನಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭವಾದ ‘ಚಂದಮಾಮ’ ಆ ದಶಕ ಮುಗಿಯುವುದರೊಳಗೆ ಕನ್ನಡದಲ್ಲಿಯೂ ಬರತೊಡಗಿತು. ಎಂ.ಟಿ.ವಿ. ಆಚಾರ್ಯರಂತಹ ಕನ್ನಡಿಗ ಕಲಾವಿದರ ಕುಂಚ ಅದರ ಮುಖಪುಟಗಳನ್ನು ಬೆಳಗಿತು. ಪುಟಕ್ಕೊಂದು ಚಿತ್ರ, ಚಿತ್ರದಿಂದಲೇ ಅರ್ಧ ತಿಳಿಯುವ ಕಥೆ, ತಿಂಗಳಿಂದ ತಿಂಗಳಿಗೆ ಸಾಗುವ ಧಾರಾವಾಹಿ ಎಂಬ ಅದರ ವಿನ್ಯಾಸವು ಓದಲು ಬರುವವರು ಓದದವರಿಗೆ ಓದಿ ಹೇಳುವ ಪದ್ಧತಿಗೆ ಒದಗುವಂತಿತ್ತು. ಅಂದರೆ ಚಂದಮಾಮದ ಒಂದು ಪ್ರತಿಗೆ ಅನೇಕ ಓದುಗರಿದ್ದರು. ಅವರಲ್ಲಿ ಕೇಳುಗರೂ ಸೇರಿದ್ದರು. 1980, 90ರ ದಶಕಗಳಲ್ಲಿ ‘ಬಾಲಮಂಗಳ’ದ ಡಿಂಗನಂತಹ ಚಿತ್ರಕಥಾ ನಾಯಕರು ಕನ್ನಡ ಮಕ್ಕಳನ್ನು ಸೆಳೆದರು, ‘ಚಂಪಕ’ವೂ ಕನ್ನಡದಲ್ಲಿ ಬಂದಿತು. ಚಂದಮಾಮ 1998ರಲ್ಲಿ ನಿಂತು, ಮುಂದಿನ ವರ್ಷದ ಕೊನೆಗೆ ಪುನರಾರಂಭವಾಗಿ, 2013ರಲ್ಲಿ ಶಾಶ್ವತವಾಗಿ ನಿಂತುಹೋಯಿತು.

ಚಿತ್ರಕಥೆಯ ಚರಿತ್ರೆಯಲ್ಲಿ ಕನ್ನಡಕ್ಕೆ ಸಲ್ಲಬೇಕಾದ ಒಂದು ಮನ್ನಣೆ ಸಾಕಷ್ಟು ಸಂದಿಲ್ಲ. ‘ಅಮರ ಚಿತ್ರ ಕಥಾ’ ಮಾಲೆಯನ್ನು ಕಾರ್ಕಳ ಮೂಲದ ಅನಂತ ಪೈ ಅವರ ಹೆಸರಿನೊಂದಿಗೆ ಗುರುತಿಸುವುದು ವಾಡಿಕೆ, ಅದು ಯುಕ್ತವೂ ಹೌದು. ಆದರೆ ಅದೇ ಹೆಸರಿನ ಮೊದಲ ಪುಸ್ತಕಗಳು 1965ರಲ್ಲಿ ಕನ್ನಡದಲ್ಲಿ ಹೊರಬಂದವು. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿ ಪುಸ್ತಕ ಮಾರಾಟದ ಹೊಣೆ ಹೊತ್ತಿದ್ದ ಜಿ.ಕೆ. ಅನಂತರಾಮ್ ಅವರ ಯೋಜನೆಯಂತೆ ಸಿಂಡರೆಲಾ ಮೊದಲಾದ ಪಾಶ್ಚಾತ್ಯ ಕಥೆಗಳು ಕನ್ನಡದ ಮಾತು ತೊಟ್ಟು ಬಂದವು. ಅನಂತ ಪೈ ಅವರ ‘ಕೃಷ್ಣ’ ಇಂಗ್ಲಿಷಿನ ಮೊದಲ ಸಂಚಿಕೆಯಾದರೂ ಅದಕ್ಕೆ 11ನೆಯ ಸಂಖ್ಯೆ ಬಿದ್ದಿರುವುದಕ್ಕೆ ಈ ಹತ್ತು ಕನ್ನಡ ಪುಸ್ತಕಗಳೇ ಕಾರಣ. ಮಕ್ಕಳಿಗೆ ಕನ್ನಡದಲ್ಲಿ ಚಿತ್ರಕಥೆ ಬೇಕಾಗಿದೆ ಎಂಬುದನ್ನು ಗ್ರಹಿಸಿದವರು ಮಾರಾಟಕ್ಕಾಗಿ ಶಾಲೆ, ಅಂಗಡಿಗಳೊಂದಿಗೆ ವ್ಯವಹರಿಸುತ್ತಿದ್ದ ಒಬ್ಬರೆಂಬುದು ಪ್ರಸ್ತುತ ವಿಷಯದ ದೃಷ್ಟಿಯಿಂದ ಮಹತ್ತ್ವದ್ದು. ಓದುಗ ಮತ್ತು ಪ್ರಕಾಶಕನ ನಡುವಿನ ಈ ಕೊಂಡಿ ಸಾಹಿತ್ಯ ಚರಿತ್ರೆಯಲ್ಲಿ ಸಾಮಾನ್ಯವಾಗಿ ಹೆಸರಿಲ್ಲದೆ ಉಳಿಯುತ್ತದೆ.

ರಾಮನಗರ, ಚನ್ನಪಟ್ಟಣಗಳಲ್ಲಿ ಗಣನೀಯ ಸಂಖ್ಯೆಯಲ್ಲಿರುವ ಉರ್ದು ಮನೆಮಾತಿನ ಕುಟುಂಬಗಳನ್ನೂ ಇಲ್ಲಿ ನೆನೆಯಬೇಕು. ಉರ್ದುವಿನಲ್ಲಿ ಮಕ್ಕಳ ಪತ್ರಿಕೆಗಳ ದೀರ್ಘ ಪರಂಪರೆಯೇ ಇದೆ. ದೆಹಲಿಯಿಂದ ಬಹುಕಾಲ ಹೊರಡುತ್ತಿದ್ದ ಅವುಗಳಲ್ಲೊಂದರ ಹೆಸರು ‘ಖಿಲೌನಾ’, ಅಂದರೆ ಆಟಿಕೆ. ಗೊಂಬೆ ಕಡೆಯುವ, ರೇಷ್ಮೆ ಬಿಚ್ಚುವ ಮನೆಗಳ ಮಕ್ಕಳು ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆಯೊಂದಿಗೆ ಬೆಳೆಯುತ್ತಾರೆ. ಸೀಮೆಯ ಮಕ್ಕಳ ಓದನ್ನು ಕನ್ನಡದ ಓದಿಗೆ ಮಾತ್ರ ಸೀಮಿತಗೊಳಿಸಿದರೆ ಚಿತ್ರ ಅಪೂರ್ಣವಾಗುತ್ತದೆ.

ಟೆಂಟಿನ ಪರದೆ ಮತ್ತು ಬಂಡೆಗಳು

ಹಳೆಯ ಮೈಸೂರು ಭಾಗದ ಹಳ್ಳಿಗಾಡಿಗೆ ಸಿನಿಮಾವನ್ನು ಕೊಂಡೊಯ್ದವು ಟೂರಿಂಗ್ ಟಾಕೀಸುಗಳು. ಊರ ಹೊರಗಿನ ಬಯಲಿನಲ್ಲಿ ಡೇರೆ ಹೊಡೆದು, ಭಕ್ತಿಗೀತೆಯ ಧ್ವನಿಮುದ್ರಿಕೆಯನ್ನು ಧ್ವನಿವರ್ಧಕದಲ್ಲಿ ಹಾಕಿ ಆಟದ ಹೊತ್ತನ್ನು ಸುತ್ತಣ ಹಳ್ಳಿಗಳಿಗೆ ಸಾರುವುದು ಅವುಗಳ ಕ್ರಮ. ಪರದೆಯ ಮುಂದಿನ ಮಣ್ಣಿನ ನೆಲಕ್ಕೆ ‘ಗಾಂಧಿ ಕ್ಲಾಸು’ ಎಂಬ ಹೆಸರಿತ್ತು. ಅತಿ ಕಡಿಮೆ ದರದ ಈ ಜಾಗ ಮಕ್ಕಳಿಗೆ ಮೀಸಲಿಟ್ಟಂತೆಯೇ ಇತ್ತು. ಹರಿಶ್ಚಂದ್ರ, ಪ್ರಹ್ಲಾದ, ಕಣ್ಣಪ್ಪ ಮೊದಲಾದವರ ಕಥೆಗಳು ತೊಗಲುಗೊಂಬೆಯಿಂದ ಕಂಪನಿ ನಾಟಕಕ್ಕೂ ಅಲ್ಲಿಂದ ಬೆಳ್ಳಿತೆರೆಗೂ ಸಾಗಿಬಂದಿದ್ದರಿಂದ ಕುಟುಂಬಸಮೇತ ನೋಡಲು ಯಾವ ಹಿಂಜರಿಕೆಯೂ ಇರಲಿಲ್ಲ. ಟೆಂಟಿನ ಬಾಗಿಲಲ್ಲಿ ಮಾರುತ್ತಿದ್ದ ಸಿನಿಮಾ ಹಾಡಿನ ಪುಸ್ತಕಗಳನ್ನು ಮಕ್ಕಳ ಓದಿನ ಚರಿತ್ರೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಲವೇ ಪುಟಗಳಲ್ಲಿ ಕಥಾಸಾರಾಂಶವನ್ನೂ ಹಾಡುಗಳನ್ನೂ ಕೊಡುತ್ತಿದ್ದ, ಕೆಲವೇ ಕಾಸಿನ ಬೆಲೆಯ ಈ ಪುಸ್ತಿಕೆಗಳು ಪಠ್ಯದಾಚೆಗಿನ ಓದಿಗೆ ಅತಿ ಸುಲಭವಾಗಿ ಸಿಗುತ್ತಿದ್ದ ಸಾಮಗ್ರಿಯಾಗಿದ್ದವು. ರಾಗವನ್ನು ಮೊದಲೇ ಬಲ್ಲ ಮಗುವಿಗೆ ಅಕ್ಷರ ಕೂಡಿಸುವುದು ಸುಲಭ.

ಮಕ್ಕಳನ್ನೇ ಕೇಂದ್ರದಲ್ಲಿಟ್ಟ ಚಿತ್ರಗಳು ಕನ್ನಡದಲ್ಲಿ ವಿರಳವಾಗಿಯೇ ಬಂದವು. ಬಿ.ಆರ್. ಪಂತುಲು ಅವರ ‘ಮಕ್ಕಳ ರಾಜ್ಯ’ (1960), ಗೀತಪ್ರಿಯ ಅವರ ‘ಪುಟಾಣಿ ಏಜೆಂಟ್ 1 2 3’ (1979), ಟಿ.ಎಸ್. ನಾಗಾಭರಣ ಅವರ ‘ಚಿನ್ನಾರಿ ಮುತ್ತ’ (1993) ಇವು ಪ್ರಮುಖವಾದವು. ಪ್ರಸ್ತುತ ವಿಷಯಕ್ಕೆ ಅತ್ಯಂತ ನಿಕಟವಾದದ್ದು ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ‘ಬೆಟ್ಟದ ಹೂವು’ (1985). ಶರ್ಲಿ ಅರೋರಾ ಅವರ ಇಂಗ್ಲಿಷ್ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಬಡ ಹುಡುಗನೊಬ್ಬ ರಾಮಾಯಣದ ಪುಸ್ತಕವನ್ನು ಕೊಳ್ಳಲು ಬೆಟ್ಟದ ಹೂಗಳನ್ನು ಆಯ್ದು ಮಾರಿ ಕಾಸು ಕೂಡಿಸುತ್ತಾನೆ. ಕೊನೆಗೆ ಆ ಹಣ ಮನೆಯ ಅಗತ್ಯಕ್ಕೆ ಹೋಗುತ್ತದೆ. ಬಾಲನಟ ಪುನೀತ್ ರಾಜಕುಮಾರ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಈ ಚಿತ್ರವು ಪುಸ್ತಕವೆಂಬುದು ಬಡಕುಟುಂಬದ ಆಯವ್ಯಯದಲ್ಲಿ ಎಲ್ಲಿ ನಿಲ್ಲುತ್ತದೆಂಬುದನ್ನು ಯಾವ ಸಮೀಕ್ಷೆಗಿಂತಲೂ ಸ್ಪಷ್ಟವಾಗಿ ಹೇಳುತ್ತದೆ.

ರಾಮನಗರದ ಬಂಡೆಗಳು ಭಾರತೀಯ ಸಿನಿಮಾದ ಭೂಪಟದಲ್ಲಿ ಸೇರಿದ್ದು ರಮೇಶ್ ಸಿಪ್ಪಿ ಅವರ ‘ಶೋಲೆ’ಯಿಂದ. 1973ರಲ್ಲಿ ಚಿತ್ರೀಕರಣ ಆರಂಭವಾಗಿ 1975ರ ಆಗಸ್ಟ್ 15ರಂದು ತೆರೆಕಂಡ ಈ ಹಿಂದಿ ಚಿತ್ರಕ್ಕಾಗಿ ರಾಮದೇವರ ಬೆಟ್ಟದ ಬುಡದಲ್ಲಿ ‘ರಾಮಗಢ’ ಎಂಬ ಊರನ್ನೇ ಕಟ್ಟಲಾಗಿತ್ತು. ಮಾಗಡಿಯ ಸಾವನದುರ್ಗ ಹಾಗೂ ರಾಮನಗರದ ಬೆಟ್ಟಗಳು ಡೇವಿಡ್ ಲೀನ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದಲ್ಲಿಯೂ ಕಾಣಿಸಿಕೊಂಡವು. ತಮ್ಮ ಊರಿನ ಬೆಟ್ಟವನ್ನು ಪರದೆಯ ಮೇಲೆ ಕಂಡ ಇಲ್ಲಿನ ಮಕ್ಕಳಿಗೆ ಅದರ ಮಾತು ಪರಭಾಷೆಯದು, ಊರಿನ ಹೆಸರು ಬೇರೆಯದು. ಗೊಂಬೆ, ರೇಷ್ಮೆ, ಬೆಟ್ಟದ ನೋಟ ಎಲ್ಲವೂ ಈ ಸೀಮೆಯಿಂದ ಹೊರಕ್ಕೆ ಹೋದವು. ಹೊರಗಿನಿಂದ ಒಳಕ್ಕೆ, ಮಗುವಿಗೆಂದು ಬಂದದ್ದರ ಪ್ರಮಾಣ ಅದಕ್ಕೆ ಹೋಲಿಸಿದರೆ ಕಡಿಮೆ.

ಕೊಳ್ಳದೆ ಓದುವ ಹಾದಿ

ಹಣವಿಲ್ಲದ ಕುಟುಂಬಕ್ಕೆ ಉಳಿಯುವ ದಾರಿ ಎರವಲು. ಮೈಸೂರು ಸಂಸ್ಥಾನದಲ್ಲಿ 1940ರ ದಶಕದಲ್ಲಿ ಚುರುಕುಗೊಂಡ ವಯಸ್ಕರ ಶಿಕ್ಷಣ ಚಳವಳಿಯು ಗ್ರಾಮ ಗ್ರಂಥಾಲಯಗಳನ್ನು ತೆರೆದು, ಹೊಸ ಅಕ್ಷರಸ್ಥರಿಗಾಗಿ ದೊಡ್ಡ ಅಕ್ಷರದ ಸರಳ ಪುಸ್ತಿಕೆಗಳನ್ನು ಪ್ರಕಟಿಸಿತು. ದೊಡ್ಡವರಿಗೆಂದು ಬಂದ ಈ ಪುಸ್ತಿಕೆಗಳು ಭಾಷೆ ಮತ್ತು ಗಾತ್ರಗಳಿಂದಾಗಿ ಮಕ್ಕಳಿಗೂ ಒದಗುವಂತಿದ್ದವು. ಕನಕಪುರದಲ್ಲಿ ಎಸ್. ಕರಿಯಪ್ಪನವರು ಕಟ್ಟಿ ಬೆಳೆಸಿದ ಗ್ರಾಮೀಣ ವಿದ್ಯಾಸಂಸ್ಥೆಯಂತಹ ಪ್ರಯತ್ನಗಳು ಹಳ್ಳಿಯ ಮಕ್ಕಳನ್ನು ಶಾಲೆಗೆ ತಂದು, ರೈಲಿಲ್ಲದ ತಾಲ್ಲೂಕಿನಲ್ಲಿ ಓದಿನ ನೆಲೆಯನ್ನು ನಿರ್ಮಿಸಿದವು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯು ಗ್ರಂಥಾಲಯವನ್ನು ದಾನಿಗಳ ಔದಾರ್ಯದಿಂದ ಬಿಡಿಸಿ ಸ್ಥಳೀಯ ತೆರಿಗೆಯ ಮೇಲಿನ ಕರಕ್ಕೆ ಜೋಡಿಸಿತು. ಓದು ನಾಗರಿಕರ ಹಕ್ಕು ಎಂಬ ತತ್ತ್ವ ಇದರಲ್ಲಿ ಅಡಕವಾಗಿತ್ತು. 1987ರ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆಯ ಮೂಲಕ ಪ್ರಾಥಮಿಕ ಶಾಲೆಗಳಿಗೂ ಪುಸ್ತಕಗಳು ಬಂದವು.

ಆದರೆ ಪುಸ್ತಕವನ್ನು ಕಾಪಾಡುವ ಹೊಣೆ ಮತ್ತು ಪುಸ್ತಕವನ್ನು ಓದಿಸುವ ಹೊಣೆ ಒಂದಕ್ಕೊಂದು ಎದುರಾಗುವುದುಂಟು. ದಾಸ್ತಾನಿನ ಲೆಕ್ಕಕ್ಕೆ ಉತ್ತರ ಹೇಳಬೇಕಾದವರು ಮಕ್ಕಳ ಕೈಗೆ ಪುಸ್ತಕ ಕೊಡಲು ಹಿಂಜರಿದರೆ ಅದನ್ನು ವ್ಯಕ್ತಿದೋಷವೆನ್ನಲಾಗದು, ನಿಯಮಗಳೇ ಹಾಗಿದ್ದವು. ಈ ಹಿನ್ನೆಲೆಯಲ್ಲಿ ಎರಡು ಬೆಳವಣಿಗೆಗಳು ಗಮನಾರ್ಹ. ಮೊದಲನೆಯದು, ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆ ಅತಿ ಕಡಿಮೆ ಬೆಲೆಯಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಚಿತ್ರಪುಸ್ತಕಗಳನ್ನು ತಂದುದು. 2015ರಲ್ಲಿ ಅದು ತೆರೆದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಪುಸ್ತಕಗಳನ್ನು ಉಚಿತವಾಗಿ ಓದಬಹುದಾಗಿದೆ. ಎರಡನೆಯದು, 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾಗಿ ಮುಂದೆ ‘ಅರಿವು ಕೇಂದ್ರ’ಗಳೆನಿಸಿದುದು. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಈ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು. ನಗರದ ಅಂಗಡಿಗೆ ಹೋಗಲಾಗದ, ಕೊಳ್ಳಲಾಗದ ಮಗುವಿಗೆ ನಡೆದು ತಲುಪುವಷ್ಟು ಹತ್ತಿರದಲ್ಲಿ ತನ್ನದೇ ಹೆಸರಿನ ಸದಸ್ಯತ್ವ ಸಿಕ್ಕಿದ್ದು ಈ ಚರಿತ್ರೆಯಲ್ಲಿ ಒಂದು ಘಟ್ಟವೇ ಸರಿ.

ಮನೆಯೊಳಗಿನ ಪರದೆ

1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದ ಮೇಲೆ ಪರದೆ ಮನೆಯೊಳಕ್ಕೆ ಬಂದಿತು. ಆರಂಭದಲ್ಲಿ ಅದು ಇಡೀ ಬೀದಿಯ ಪರದೆ. 1987ರಲ್ಲಿ ತೊಡಗಿದ ‘ರಾಮಾಯಣ’, ಆನಂತರದ ‘ಮಹಾಭಾರತ’ಗಳನ್ನು ಟಿ.ವಿ. ಇದ್ದವರ ಮನೆಯ ಪಡಸಾಲೆಯಲ್ಲಿ ನೆರೆಯವರೆಲ್ಲ ಕೂಡಿ ನೋಡುವುದು ಸಾಮಾನ್ಯವಾಗಿತ್ತು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಸಹ ಇದೇ ಕಾಲದ್ದು. ಕನ್ನಡ ನೆಲದಲ್ಲಿ, ಕನ್ನಡದ ನಟರಿಂದ ತಯಾರಾದರೂ ಅದರ ಮಾತು ಹಿಂದಿ ಮತ್ತು ಇಂಗ್ಲಿಷಿನದಾಗಿತ್ತು. 1991ರ ಚಂದನ ವಾಹಿನಿಯಿಂದ ಕನ್ನಡಕ್ಕೆ ಹೆಚ್ಚಿನ ಅವಕಾಶ ದೊರೆಯಿತು. 1995ರಲ್ಲಿ ಭಾರತಕ್ಕೆ ಬಂದ ಕಾರ್ಟೂನ್ ನೆಟ್‌ವರ್ಕಿನಂತಹ ವಾಹಿನಿಗಳು ದಿನವಿಡೀ ಮಕ್ಕಳ ಕಾರ್ಯಕ್ರಮ ಕೊಟ್ಟರೂ ಕನ್ನಡದ ಮಗು ಅವನ್ನು ಅನ್ಯಭಾಷೆಯಲ್ಲಿಯೇ ನೋಡಬೇಕಾಯಿತು.

ಇಲ್ಲಿ ಡಬ್ಬಿಂಗ್ ಪ್ರಶ್ನೆ ಎದುರಾಗುತ್ತದೆ. 1960ರ ದಶಕದಲ್ಲಿ ಅ.ನ. ಕೃಷ್ಣರಾಯ, ಮ. ರಾಮಮೂರ್ತಿ ಮೊದಲಾದವರು ನಡೆಸಿದ ಚಳವಳಿಯ ಪರಿಣಾಮವಾಗಿ ಪರಭಾಷಾ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದು ನಿಂತಿತು. ಶೈಶವಾವಸ್ಥೆಯಲ್ಲಿದ್ದ ಕನ್ನಡ ಚಿತ್ರರಂಗವು ಸ್ವಂತ ಕಾಲಮೇಲೆ ನಿಲ್ಲಲು ಇದು ನೆರವಾಯಿತೆಂಬ ವಾದದಲ್ಲಿ ಹುರುಳಿದೆ. ಆದರೆ ಕಾನೂನಿನಲ್ಲಿಲ್ಲದ ಈ ನಿರ್ಬಂಧ ಮಕ್ಕಳ ಕಾರ್ಯಕ್ರಮಗಳಿಗೂ ಅನ್ವಯಿಸಿದಾಗ ಅದರ ಬೆಲೆ ತೆತ್ತವರು ಮಕ್ಕಳು. ಅನಿಮೇಷನ್ ಚಿತ್ರ ತಯಾರಿಸುವ ಬಂಡವಾಳ ಕನ್ನಡದಲ್ಲಿರಲಿಲ್ಲ. ತಯಾರಾದುದನ್ನು ಕನ್ನಡಕ್ಕೆ ತರಲು ಅವಕಾಶವಿರಲಿಲ್ಲ. ಸನ್ ಸಮೂಹವು 2009ರಲ್ಲಿ ಆರಂಭಿಸಿದ ಚಿಂಟು ಟಿವಿಯಿಂದ ಮಕ್ಕಳಿಗೆಂದೇ ಒಂದು ಕನ್ನಡ ವಾಹಿನಿ ದೊರೆಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವ ಕ್ರಮಗಳ ವಿರುದ್ಧ ಆದೇಶ ನೀಡಿತು. ಹಾಗಿದ್ದೂ 2016ರಲ್ಲಿ ಡಿಸ್ನಿ ಸಂಸ್ಥೆಯ ‘ದಿ ಜಂಗಲ್ ಬುಕ್’ ಭಾರತದಲ್ಲಿ ಹಿಂದಿ, ತಮಿಳು, ತೆಲುಗುಗಳಲ್ಲಿ ತೆರೆಕಂಡಿತೇ ಹೊರತು ಕನ್ನಡದಲ್ಲಿ ಬರಲಿಲ್ಲ. ನಾಗರಹೊಳೆ, ಬಂಡೀಪುರಗಳಿರುವ ನಾಡಿನ ಮಗು ಕಾಡಿನ ಕಥೆಯನ್ನು ತನ್ನ ಮಾತಿನಲ್ಲಿ ಕೇಳಲಾಗಲಿಲ್ಲ. 2025ರ ‘ಮಹಾವತಾರ ನರಸಿಂಹ’ ಅನಿಮೇಷನ್ ಚಿತ್ರ ಕನ್ನಡದಲ್ಲಿಯೂ ಬಂದಾಗ ಪರಿಸ್ಥಿತಿ ಬಹಳಷ್ಟು ಬದಲಾಗಿತ್ತು. ಸ್ವಂತ ನಿರ್ಮಾಣದ ಸಾಧ್ಯತೆಯನ್ನು 2018ರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ತೋರಿಸಿಕೊಟ್ಟಿತು. ಗಡಿಯಾಚೆಯ ಕನ್ನಡ ಶಾಲೆಯ ಅಳಿವು ಉಳಿವಿನ ಪ್ರಶ್ನೆಯನ್ನೆತ್ತಿಕೊಂಡ ಈ ಚಿತ್ರವು ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ಕುಟುಂಬಗಳೂ ಚಿತ್ರಮಂದಿರಕ್ಕೆ ಬಂದು ಅದನ್ನು ನೋಡಿದವು.

ಟೆಂಟು ಟಾಕೀಸುಗಳು ಮರೆಯಾಗಿ, ಪರದೆ ಅಂಗೈಗೆ ಬಂದ ಮೇಲೆ ಹುಡುಕಾಟದ ಸ್ವರೂಪವೇ ಬದಲಾಯಿತು. ಮೊದಲು ಕೊರತೆಯ ಸಮಸ್ಯೆ, ಈಗ ಆಯ್ಕೆಯ ಸಮಸ್ಯೆ. ಕೋವಿಡ್ ಅವಧಿಯಲ್ಲಿ ಚಂದನದಲ್ಲಿ ಪ್ರಸಾರವಾದ ‘ಸಂವೇದ’ ಪಾಠಗಳು ಹಾಗೂ ಮೊಬೈಲ್ ತರಗತಿಗಳು ಪರದೆಯನ್ನು ಶಾಲೆಯ ಸ್ಥಾನದಲ್ಲಿಟ್ಟವು. ಮನೆಯಲ್ಲಿ ಒಂದೇ ಫೋನ್, ಅದೂ ದುಡಿಯಲು ಹೋದವರ ಜೇಬಿನಲ್ಲಿ ಎಂಬ ಸ್ಥಿತಿಯಲ್ಲಿ ಹಳೆಯ ಅಸಮಾನತೆ ಹೊಸ ರೂಪ ತಾಳಿತು. ಆಯ್ಕೆಗೆ ನೆರವಾಗುವ ಅಧ್ಯಾಪಕ, ಗ್ರಂಥಪಾಲಕ, ಅಂಗಡಿಯವ ಇವರ ಸ್ಥಾನದಲ್ಲಿ ಒಂದಾದ ಮೇಲೊಂದು ವಿಡಿಯೊ ತಾನಾಗಿ ಬರುವ ಯಂತ್ರಕ್ರಮ ಕುಳಿತಿದೆ. ಓದು ಬಾರದ ಹಿರಿಯರಿಗೆ ಪುಸ್ತಕವನ್ನು ತೂಗಿ ನೋಡುವುದು ಹಿಂದೆ ಕಷ್ಟವಾಗಿದ್ದಂತೆ ಇದನ್ನು ತೂಗಿ ನೋಡುವುದೂ ಇಂದು ಕಷ್ಟ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಈ ಸೀಮೆಯ ಮಕ್ಕಳಿಗೆ ಓದು ಮತ್ತು ಮನರಂಜನೆ ಬಹುಪಾಲು ತಲುಪಿದ್ದು ಬೇರೆ ಉದ್ದೇಶಕ್ಕಾಗಿ ಹುಟ್ಟಿದ ದಾರಿಗಳಿಂದ: ಪ್ರಯಾಣಿಕರ ರೈಲು, ಭಕ್ತರ ಜಾತ್ರೆ, ವಯಸ್ಕರ ಶಿಕ್ಷಣ, ದೊಡ್ಡವರ ಸಿನಿಮಾ. ಸೃಷ್ಟಿಯ ಬಡತನ ಇಲ್ಲಿ ಇರಲಿಲ್ಲ. ರಾಜರತ್ನಂ ಅವರ ಹುಟ್ಟೂರು, ಗೊಂಬೆಗಳ ನಾಡು, ಚಿತ್ರೀಕರಣದ ಬೆಟ್ಟಗಳು ಎಲ್ಲವೂ ಇಲ್ಲಿಯವೇ. ಕೊರತೆಯಿದ್ದದ್ದು ಸಿದ್ಧವಾದದ್ದನ್ನು ಮಗುವಿನ ಕೈಗೆ ಮುಟ್ಟಿಸುವ, ಮಗುವಿನ ಭಾಷೆಯಲ್ಲಿ ಮುಟ್ಟಿಸುವ ವ್ಯವಸ್ಥೆಯಲ್ಲಿ. ಖಾಸಗಿ ಮಾರುಕಟ್ಟೆ ದಾರಿಯನ್ನು ಹಿಂಬಾಲಿಸುತ್ತದೆ. ದಾರಿ ಬದಲಾದಾಗ ಅಂಗಡಿಯೂ ಹೋಗುತ್ತದೆ. ಪತ್ರಿಕೆ ಲಾಭವಿಲ್ಲದಿದ್ದರೆ ನಿಲ್ಲುತ್ತದೆ. ಇವುಗಳ ಏರಿಳಿತಕ್ಕೆ ಒಳಗಾಗದೆ ಹಳ್ಳಿಯ ಮಗುವಿನ ಹತ್ತಿರ ಉಳಿಯಬಲ್ಲದ್ದು ಸಾರ್ವಜನಿಕ ಗ್ರಂಥಾಲಯ ಮಾತ್ರ.

ಆದ್ದರಿಂದ ಮಕ್ಕಳ ಸಾಹಿತ್ಯದ ಮುಂದಿನ ಸಂಶೋಧನೆಯು ಕೃತಿವಿಮರ್ಶೆಯೊಂದಿಗೆ ಎರವಲು ಪುಸ್ತಕದ ದಾಖಲೆ, ಏಜೆಂಟರ ಲೆಕ್ಕಪತ್ರ, ಟೂರಿಂಗ್ ಟಾಕೀಸಿನ ಪರವಾನಗಿ ಕಡತ, ಸಿನಿಮಾ ಹಾಡಿನ ಪುಸ್ತಿಕೆಗಳನ್ನೂ ಆಕರಗಳೆಂದು ಸ್ವೀಕರಿಸಬೇಕಾಗಿದೆ. ರದ್ದಿಗೆ ಹೋಗುವ ಮೊದಲು ಇವುಗಳನ್ನು ಸಂಗ್ರಹಿಸುವುದು ಜಿಲ್ಲಾ ಗ್ರಂಥಾಲಯಗಳ ಹಾಗೂ ಸ್ಥಳೀಯ ಕಾಲೇಜುಗಳ ಕೆಲಸವಾಗಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಪುಸ್ತಕದಲ್ಲಿ ಇಂದು ದಾಖಲಾಗುತ್ತಿರುವ ಮಕ್ಕಳ ಹೆಸರುಗಳೇ ಮುಂದೆ ಈ ಚರಿತ್ರೆಯನ್ನು ಬರೆಯುವವರಿಗೆ ಮೊದಲ ಆಕರವಾಗಲಿವೆ.